ಹಂಗಾಮು ಮುಗಿದ ಮೇಲಿನ ಲೆಕ್ಕ

(ಶತಮಾನೋತ್ಸವದ ವರ್ಷದಲ್ಲಿ ನಮ್ಮ ಧರ್ಮಕೇಂದ್ರದ ಯುವಕರ ಕಾಲ್ಚೆಂಡು ತಂಡದ ವಾರ್ಷಿಕ ಸಭೆಯಲ್ಲಿ ತಂಡದ ಖಜಾಂಚಿಯವರು ಮಾಡಿದ ಭಾಷಣ)



ಆಟದ ಹಂಗಾಮು ಮುಗಿದ ಮೇಲೆ ವರ್ಷದ ಲೆಕ್ಕವನ್ನು ಸಭೆಯ ಮುಂದಿಡುವುದು ಖಜಾಂಚಿಯಾದವನ ಕರ್ತವ್ಯ. ಪ್ರತಿ ವರ್ಷ ಆ ಕೆಲಸವನ್ನು ಹತ್ತು ನಿಮಿಷಗಳಲ್ಲಿ ಮುಗಿಸಿ, ನಿಮ್ಮ ಚಪ್ಪಾಳೆಯನ್ನು ಪಡೆದು, ಚಹಾ ಕುಡಿದು ಮನೆಗೆ ಹೋಗುತ್ತಿದ್ದೆ. ಈ ವರ್ಷ ನಮ್ಮ ದೇವಾಲಯಕ್ಕೆ ನೂರು ತುಂಬಿದೆ. ನೂರು ವರ್ಷದ ಮನೆಯಲ್ಲಿ ಕುಳಿತು ಒಂದು ವರ್ಷದ ಲೆಕ್ಕ ಹೇಳುವಾಗ ತುಸು ಹೆಚ್ಚು ಸತ್ಯ ಹೇಳಬೇಕೆಂದು ನನಗೆ ತೋರಿತು. ಆದುದರಿಂದ ಈ ಸಂಜೆ ನಿಮ್ಮ ಸಹನೆಯನ್ನು ಸ್ವಲ್ಪ ದೀರ್ಘವಾಗಿಯೇ ಬೇಡುತ್ತೇನೆ.

ಮೊದಲು ನಮ್ಮ ಹಂಗಾಮಿನ ಫಲಿತಾಂಶ. ಒಟ್ಟು 14 ಪಂದ್ಯಗಳನ್ನು ಆಡಿದೆವು. 5ರಲ್ಲಿ ಗೆದ್ದೆವು, 3 ಸಮನಾದವು, 6ರಲ್ಲಿ ಸೋತೆವು. ಶ್ರಾವಣದ ಮಳೆಯಲ್ಲಿ, ಪಾದ ಮುಳುಗುವ ಕೆಸರಿನಲ್ಲಿ, ನಮ್ಮ ಹುಡುಗರು ಕೊನೆಯ ನಿಮಿಷದವರೆಗೂ ಓಡಿದ ಆ ಒಂದು ಪಂದ್ಯವನ್ನು ನೋಡಿದವರು ಸೋಲನ್ನು ಮರೆತು ಆಟವನ್ನು ನೆನೆಯುತ್ತಾರೆಂದು ನಂಬಿದ್ದೇನೆ. ಆದರೆ ಸೋಲು ಸೋಲೇ. ಅದಕ್ಕಾಗಿಯೇ ಇಂದಿನ ಸಭೆಯ ಮುಂದೆ ಒಂದು ಸಲಹೆ ಬಂದಿದೆ. ಶತಮಾನೋತ್ಸವದ ಸಮಾರೋಪಕ್ಕೆ ನಡೆಯಲಿರುವ ಪಂದ್ಯಾವಳಿಯಲ್ಲಿ ಕಪ್ಪು ನಮ್ಮ ಧರ್ಮಕೇಂದ್ರದಲ್ಲಿಯೇ ಉಳಿಯಬೇಕು. ಅದಕ್ಕೆ ಹೊರಗಿನಿಂದ ನಾಲ್ವರು ನುರಿತ ಆಟಗಾರರನ್ನು ಹಣ ಕೊಟ್ಟಾದರೂ ಕರೆತರಬೇಕು ಎಂಬುದು ಆ ಸಲಹೆ. ಸಲಹೆ ತಂದವರು ತಂಡದ ಮೇಲಿನ ಪ್ರೀತಿಯಿಂದಲೇ ತಂದಿದ್ದಾರೆ. ಅದರಲ್ಲಿ ನನಗೆ ಸಂಶಯವಿಲ್ಲ.

ಈ ಸಲಹೆಯ ಬಗ್ಗೆ ಹೌದು, ಅಲ್ಲ ಎನ್ನುವ ಮೊದಲು ಇನ್ನೊಂದು ತಂಡದ ಮೊದಲ ಹಂಗಾಮಿನ ಕಥೆಯನ್ನು ಹೇಳಲು ಅಪ್ಪಣೆ ಕೊಡಿ. ಅದೂ ನಮ್ಮ ಹಾಗೆಯೇ ದೇವಾಲಯದ ಸಭಾಂಗಣದಲ್ಲಿ ಹುಟ್ಟಿದ ತಂಡ. ಅದರ ಆಟಗಾರರೂ ಅಂದಿನ ನಿಯಮದಂತೆ ಸಂಬಳವಿಲ್ಲದ ಹವ್ಯಾಸಿಗಳು. ಇಂದು ಅದರ ಹೆಸರನ್ನು ಕೇಳದ ಕಾಲ್ಚೆಂಡು ಪ್ರೇಮಿಗಳು ವಿರಳ. ಸ್ಕಾಟ್‌ಲೆಂಡ್ ದೇಶದ ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡವೇ ಅದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಭೀಕರ ಕ್ಷಾಮ ಬಂದಿತು. ಲಕ್ಷಾಂತರ ಜನ ಸತ್ತರು. ಲಕ್ಷಾಂತರ ಜನ ಊರು ಬಿಟ್ಟರು. ಹಾಗೆ ಬಿಟ್ಟು ಬಂದವರಲ್ಲಿ ಅನೇಕರು ಗ್ಲಾಸ್ಗೋ ನಗರದ ಪೂರ್ವ ಭಾಗದ ಇಕ್ಕಟ್ಟಾದ ಮನೆಗಳಲ್ಲಿ ನೆಲೆಸಿ, ಗಿರಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಕೂಲಿ ಮಾಡಿ ಬದುಕಿದರು. ಅವರಲ್ಲಿ ಹೆಚ್ಚಿನವರು ಕಥೋಲಿಕರು, ಬಡವರು, ಪರಸ್ಥಳದವರೆಂದು ಅನಾದರಕ್ಕೆ ಒಳಗಾದವರು. ಐರ್ಲೆಂಡಿನ ಸ್ಲೈಗೋ ಪ್ರಾಂತ್ಯದಲ್ಲಿ 1840ರಲ್ಲಿ ಹುಟ್ಟಿದ ಆಂಡ್ರೂ ಕೆರಿನ್ಸ್ ಎಂಬ ಹುಡುಗನೂ ಹಾಗೆ ಹದಿಹರೆಯದಲ್ಲಿ ಗ್ಲಾಸ್ಗೋಗೆ ಬಂದವನು. ಮುಂದೆ ಆತ ಮಾರಿಸ್ಟ್ ಸಹೋದರರ ಸಭೆಯನ್ನು ಸೇರಿ, ಬ್ರದರ್ ವಾಲ್‌ಫ್ರಿಡ್ ಎಂಬ ಹೆಸರನ್ನು ಪಡೆದು, ಬ್ರಿಡ್ಜ್‌ಟನ್ ಬಡಾವಣೆಯ ಪವಿತ್ರ ಹೃದಯ ಶಾಲೆಯ ಮುಖ್ಯೋಪಾಧ್ಯಾಯರಾದರು.

ಶಾಲೆಯ ಹಾಜರಿ ಪುಸ್ತಕವೇ ಆ ಉಪಾಧ್ಯಾಯರಿಗೆ ಬಡತನದ ಪಾಠವನ್ನು ಕಲಿಸಿತು. 1872ರ ಶಿಕ್ಷಣ ಕಾಯಿದೆಯಿಂದ ಸ್ಕಾಟ್‌ಲೆಂಡಿನಲ್ಲಿ ಮಕ್ಕಳು ಶಾಲೆಗೆ ಬರುವುದು ಕಡ್ಡಾಯವಾಗಿತ್ತು. ಕಾಯಿದೆ ಮಗುವನ್ನು ಬೆಂಚಿನ ಮೇಲೆ ಕೂರಿಸೀತು. ಅದರ ಹೊಟ್ಟೆಗೆ ಅನ್ನ ಹಾಕಲಾರದು. ಹಸಿದ ಮಗುವಿಗೆ ಕಾಗುಣಿತ ಹತ್ತುವುದಿಲ್ಲವೆಂಬುದನ್ನು ನಮ್ಮ ಶಾಲೆಯ ಭಗಿನಿಯರಿಗೆ ನಾನು ಹೇಳಬೇಕಾಗಿಲ್ಲ. ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರ ನೆರವಿನಿಂದ ಬ್ರದರ್ ವಾಲ್‌ಫ್ರಿಡ್‌ರವರು ಶಾಲೆಯಲ್ಲಿ ಬಡ ಮಕ್ಕಳ ಊಟದ ಮೇಜನ್ನು ಆರಂಭಿಸಿದರು. ಒಂದು ಪೆನ್ನಿ ಕೊಟ್ಟರೆ ಮಗುವಿಗೆ ಬಿಸಿ ಊಟ. ದಾನವೆಂಬ ಸಂಕೋಚ ಮಗುವಿಗೆ ಆಗದಿರಲೆಂದು ಆ ಒಂದು ಪೆನ್ನಿ. ಬೇರೆ ಸಭೆಗಳವರು ನಡೆಸುತ್ತಿದ್ದ ಗಂಜಿ ಕೇಂದ್ರಗಳಿಗೆ ಹೋದ ಮಕ್ಕಳು ಅನ್ನದ ಆಸೆಯಿಂದ ತಮ್ಮ ವಿಶ್ವಾಸವನ್ನು ಬಿಟ್ಟಾರೆಂಬ ಆತಂಕವೂ ಅವರಿಗೆ ಇತ್ತು. ಅದು ಆ ಕಾಲದ ಆತಂಕ. ಅದನ್ನು ಮರೆಮಾಚುವ ಅಗತ್ಯವಿಲ್ಲ.

ಆದರೆ ದಿನದಿನವೂ ಊಟ ಹಾಕಲು ಹಣ ಬೇಕು. ಬಡವರ ನಡುವೆ ಚಂದಾ ಎತ್ತಿದರೆ ಎಷ್ಟು ಬಂದೀತು? ಉತ್ತರ ಎಡಿನ್‌ಬರೋ ನಗರದಿಂದ ಬಂದಿತು. ಅಲ್ಲಿನ ಸಂತ ಪ್ಯಾಟ್ರಿಕ್ಕರ ಧರ್ಮಕೇಂದ್ರದಲ್ಲಿ ಗುರು ಎಡ್ವರ್ಡ್ ಹ್ಯಾನನ್‌ರವರ ಆಶ್ರಯದಲ್ಲಿ ಕಥೋಲಿಕ ಯುವಕ ಸಂಘದವರು 1875ರಲ್ಲಿ ಹೈಬರ್ನಿಯನ್ ಎಂಬ ತಂಡವನ್ನು ಕಟ್ಟಿದ್ದರು. ಆ ತಂಡ 1887ರ ಫೆಬ್ರವರಿ 12ರಂದು ಗ್ಲಾಸ್ಗೋದಲ್ಲಿ ಡಂಬಾರ್ಟನ್ ತಂಡವನ್ನು 2–1ರಿಂದ ಸೋಲಿಸಿ ಸ್ಕಾಟಿಷ್ ಕಪ್ಪನ್ನು ಗೆದ್ದಿತು. ಗೆದ್ದವರನ್ನು ಗ್ಲಾಸ್ಗೋದ ಐರಿಷ್ ಜನ ಸಂತ ಮರಿಯಮ್ಮನವರ ದೇವಾಲಯದ ಸಭಾಂಗಣಕ್ಕೆ ಕರೆದು ಸತ್ಕರಿಸಿದರು. ನೀವೂ ಹೀಗೊಂದು ತಂಡವನ್ನು ಏಕೆ ಕಟ್ಟಬಾರದು ಎಂದು ಅತಿಥಿಗಳು ಹುರಿದುಂಬಿಸಿದರಂತೆ. ಅದೇ ವರ್ಷದ ನವೆಂಬರ್ 6ರಂದು ಅದೇ ಸಭಾಂಗಣದಲ್ಲಿ ಸೆಲ್ಟಿಕ್ ತಂಡ ಹುಟ್ಟಿತು. ಹೆಸರನ್ನು ಸೂಚಿಸಿದವರು ಬ್ರದರ್ ವಾಲ್‌ಫ್ರಿಡ್. ಐರ್ಲೆಂಡಿಗೂ ಸ್ಕಾಟ್‌ಲೆಂಡಿಗೂ ಸಮಾನವಾದ ಹಳೆಯ ಬೇರನ್ನು ಸೂಚಿಸುವ ಹೆಸರದು. ಬಂದ ಊರನ್ನೂ ನಿಂತ ಊರನ್ನೂ ಒಂದೇ ಮಾತಿನಲ್ಲಿ ಕೂಡಿಸಿದ ಆ ಜಾಣ್ಮೆಯನ್ನು ಗಮನಿಸಿ.

1888ರ ಜನವರಿಯಲ್ಲಿ ಅವರು ಹೊರಡಿಸಿದ ಮನವಿ ಪತ್ರದಲ್ಲಿ ತಂಡದ ಉದ್ದೇಶವನ್ನು ಸ್ಪಷ್ಟವಾಗಿ ಬರೆದಿದ್ದರು. ಸಂತ ಮರಿಯಮ್ಮ, ಪವಿತ್ರ ಹೃದಯ, ಸಂತ ಮಿಕೇಲ ಎಂಬ ಮೂರು ಧರ್ಮಕೇಂದ್ರಗಳ ಬಡ ಮಕ್ಕಳ ಊಟದ ಮೇಜುಗಳಿಗೆ ಹಣ ಒದಗಿಸುವುದೇ ಮುಖ್ಯ ಗುರಿ. ಆಟ ಅದಕ್ಕೊಂದು ಮಾರ್ಗ.

ಮೈದಾನ ಸಿದ್ಧವಾದ ಬಗೆಯೇ ಒಂದು ಪಾಠ. ಜೇನ್‌ಫೀಲ್ಡ್ ಸ್ಮಶಾನದ ಪಕ್ಕದ ಖಾಲಿ ಜಾಗವನ್ನು ವರ್ಷಕ್ಕೆ 50 ಪೌಂಡು ಬಾಡಿಗೆಗೆ ಹಿಡಿದರು. ಧರ್ಮಕೇಂದ್ರಗಳ ಗಂಡಸರು ಕೆಲಸ ಮುಗಿಸಿ ಬಂದು, ಕೂಲಿಯನ್ನು ಕೇಳದೆ, ಗುಂಡಿ ತುಂಬಿ, ನೆಲ ಮಟ್ಟಮಾಡಿ, ಮಣ್ಣಿನ ದಿಬ್ಬ ಏರಿಸಿ, ನೋಡುವವರು ನಿಲ್ಲಲು ತಾಣ ಮಾಡಿದರು. ಸುಮಾರು ಆರು ತಿಂಗಳಲ್ಲಿ ಮೈದಾನ ಆಟಕ್ಕೆ ಅಣಿಯಾಯಿತು. ನಮ್ಮ ದೇವಾಲಯದ ಹಿಂದಿನ ಮೈದಾನವನ್ನು ನಮ್ಮ ತಂದೆಯವರ ಕಾಲದವರು ಗುದ್ದಲಿ, ಮಂಕರಿ ಹಿಡಿದು ಸಮಮಾಡಿದ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಪರರ ಕಥೆಯೆನಿಸುವುದಿಲ್ಲ.

1888ರ ಮೇ 28ರ ಸಂಜೆ ಸೆಲ್ಟಿಕ್ ತನ್ನ ಮೊದಲ ಪಂದ್ಯವನ್ನು ಆಡಿತು. ಬಿಳಿಯ ಅಂಗಿ, ಹಸಿರು ಕೊರಳಪಟ್ಟಿ, ಎದೆಯ ಮೇಲೆ ಕೆಲ್ಟಿಕ್ ಶಿಲುಬೆ. ಎದುರಾಳಿ ರೇಂಜರ್ಸ್. ಸುಮಾರು 2,000 ಜನ ನೋಡಲು ಬಂದಿದ್ದರು. ನೀಲ್ ಮೆಕ್ಯಾಲಮ್ ಎಂಬಾತ ಮೊದಲ ಗೋಲು ಹೊಡೆದ. ಸೆಲ್ಟಿಕ್ 5–2ರಿಂದ ಗೆದ್ದಿತು.

ಆಗ ಸ್ಕಾಟ್‌ಲೆಂಡಿನಲ್ಲಿ ಲೀಗ್ ಪಂದ್ಯಗಳ ಪದ್ಧತಿ ಇನ್ನೂ ಬಂದಿರಲಿಲ್ಲ. ಅದು 1890ರಲ್ಲಿ ಬಂದಿತು. ಸ್ನೇಹಪಂದ್ಯಗಳು, ಕಪ್ಪಿನ ಪಂದ್ಯಗಳು, ಇವೇ ಹಂಗಾಮು. 1888ರ ಸೆಪ್ಟೆಂಬರ್ 1ರಂದು ಸ್ಕಾಟಿಷ್ ಕಪ್ಪಿನ ಮೊದಲ ಸುತ್ತು. ಷೆಟಲ್‌ಸ್ಟನ್ ಮೇಲೆ 5–1. ಅನಂತರ ಕೌಲೇರ್ಸ್ ಮೇಲೆ 8–0; ಆಲ್ಬಿಯನ್ ರೋವರ್ಸ್ ಮೇಲೆ 4–1; ಸೇಂಟ್ ಬರ್ನಾರ್ಡ್ಸ್ ಮೇಲೆ 4–1. ಐದನೆಯ ಸುತ್ತಿನಲ್ಲಿ ಕ್ಲೈಡ್ ತಂಡದೆದುರು 0–1ರಿಂದ ಸೋತರು. ಸೆಲ್ಟಿಕ್‌ನವರು ಆಕ್ಷೇಪಣೆ ಸಲ್ಲಿಸಿ ಮರುಪಂದ್ಯ ಪಡೆದರು. ಅದರಲ್ಲಿ 9–2ರಿಂದ ಗೆದ್ದರು. ಬಳಿಕ ಈಸ್ಟ್ ಸ್ಟರ್ಲಿಂಗ್‌ಷೈರ್ ಮೇಲೆ ಕಷ್ಟದ 2–1. ಡಂಬಾರ್ಟನ್ ಮೇಲೆ 4–1. ಹುಟ್ಟಿ ವರ್ಷ ತುಂಬಿದ್ದಷ್ಟೇ, ಆಗಲೇ ದೇಶದ ಅತಿ ದೊಡ್ಡ ಕಪ್ಪಿನ ಅಂತಿಮ ಪಂದ್ಯ!

1889ರ ಫೆಬ್ರವರಿ 2. ಹ್ಯಾಂಪ್ಡನ್ ಮೈದಾನದ ತುಂಬ ಹಿಮ. ಎದುರಾಳಿ, ಸ್ವಯಂಸೇವಕ ಸೈನಿಕರ ದಳವೊಂದರಿಂದ ಬೆಳೆದ ಥರ್ಡ್ ಲ್ಯಾನಾರ್ಕ್ ತಂಡ. ನೆಲ ಕಪ್ಪಿನ ಆಟಕ್ಕೆ ತಕ್ಕುದಲ್ಲವೆಂದು ಎರಡೂ ತಂಡಗಳಿಗೆ ಅನಿಸಿದರೂ, ಬಂದ ಜನಸಾಗರವನ್ನು ಹಿಂದೆ ಕಳುಹಿಸುವಂತಿರಲಿಲ್ಲ. ಆಡಿದರು, ಥರ್ಡ್ ಲ್ಯಾನಾರ್ಕ್ 3–0ರಿಂದ ಗೆದ್ದಿತು. ಆ ಪಂದ್ಯವನ್ನು ಲೆಕ್ಕಕ್ಕೆ ಹಿಡಿಯದೆ ಒಂದು ವಾರದ ಬಳಿಕ ಮತ್ತೆ ಆಡಿಸಿದರು. ಈ ಸಲವೂ ಥರ್ಡ್ ಲ್ಯಾನಾರ್ಕ್ ತಂಡವೇ 2–1ರಿಂದ ಗೆದ್ದು ಕಪ್ಪನ್ನು ಒಯ್ದಿತು. ಸೆಲ್ಟಿಕ್‌ಗೆ ಆ ಹಂಗಾಮಿನಲ್ಲಿ ದಕ್ಕಿದ್ದು ಮೇ ತಿಂಗಳಲ್ಲಿ ಗೆದ್ದ ಗ್ಲಾಸ್ಗೋ ಈಶಾನ್ಯ ವಿಭಾಗದ ಸಣ್ಣ ಕಪ್ಪು.

ಹಂಗಾಮು ಮುಗಿಯಿತು. ಈಗ ಆ ಸಭಾಂಗಣದಲ್ಲಿ ಕುಳಿತು ಲೆಕ್ಕ ಹಾಕಿದರೆ ಏನು ಕಾಣುತ್ತದೆ? ದೊಡ್ಡ ಕಪ್ಪು ಸಿಗಲಿಲ್ಲ. ಆದರೆ ಪಂದ್ಯ ನೋಡಲು ಬಂದವರ ಹಣದಿಂದ ಊಟದ ಮೇಜುಗಳಿಗೆ ನೆರವು ಹೋಯಿತು. ತಮ್ಮ ಮಕ್ಕಳು ಉಣ್ಣುವ ಅನ್ನದಲ್ಲಿ ತಮ್ಮ ತಂಡದ ಪಾಲಿದೆಯೆಂದು ಗಿರಣಿಯ ಕೂಲಿಗಳು ತಲೆ ಎತ್ತಿ ನಡೆದರು. ಇಷ್ಟನ್ನೇ ಹೇಳಿ ಮುಗಿಸಿದರೆ ಸುಂದರವಾದ ಪ್ರಸಂಗವಾಗುತ್ತದೆ. ಆದರೆ ಖಜಾಂಚಿಯಾದವನು ಪುಟದ ಎರಡೂ ಬದಿಗಳನ್ನು ಓದಬೇಕು.

ಒಂದೇ ವರ್ಷದಲ್ಲಿ ಆ ತಂಡ ಅಷ್ಟು ಬಲಶಾಲಿಯಾದದ್ದು ಹೇಗೆ? ಮೂರು ಧರ್ಮಕೇಂದ್ರಗಳ ಹುಡುಗರಷ್ಟೇ ಆಡಿ ಅಲ್ಲ. 1888ರ ಸ್ಕಾಟಿಷ್ ಕಪ್ಪನ್ನು ಗೆದ್ದ ರೆಂಟನ್ ತಂಡದ ಜೇಮ್ಸ್ ಕೆಲ್ಲಿಯವರನ್ನು ಒಲಿಸಿ ಕರೆತಂದರು. ಅದಕ್ಕಿಂತ ಮಿಗಿಲಾಗಿ, ಯಾವ ಹೈಬರ್ನಿಯನ್ ತಂಡದ ಮಾದರಿಯನ್ನು ನೋಡಿ ತಾವು ತಂಡ ಕಟ್ಟಿದರೋ, ಯಾರನ್ನು ತಮ್ಮ ಸಭಾಂಗಣದಲ್ಲಿ ಕೂರಿಸಿ ಸತ್ಕರಿಸಿದರೋ, ಅವರ ಪ್ರಮುಖ ಆಟಗಾರರಲ್ಲಿ ಹಲವರನ್ನು 1888ರಲ್ಲಿ ತಮ್ಮ ಕಡೆಗೆ ಸೆಳೆದುಕೊಂಡರು. ಆಗ ಆಟಗಾರನಿಗೆ ಹಣ ಕೊಡುವುದು ನಿಯಮಕ್ಕೆ ವಿರುದ್ಧ. ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳು. ಆದರೆ ಆಮಿಷಗಳು ಬಗೆಬಗೆಯಾಗಿ ಬರುತ್ತವೆಂಬುದು ಅಂದಿನವರಿಗೂ ಗೊತ್ತಿತ್ತು, ಇಂದಿನವರಿಗೂ ಗೊತ್ತು.

ಪರಿಣಾಮವನ್ನು ಕೇಳಿ. ಎಡಿನ್‌ಬರೋದ ಆ ಧರ್ಮಕೇಂದ್ರದ ತಂಡ ಬಡವಾಯಿತು. ಅದರ ಆಡಳಿತದ ದೋಷಗಳೂ ಇದ್ದವು. ಎಲ್ಲ ಹೊಣೆಯನ್ನು ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ 1887ರಲ್ಲಿ ಕಪ್ಪನ್ನು ಎತ್ತಿದ ತಂಡ 1891ರಲ್ಲಿ ಆಟವನ್ನೇ ನಿಲ್ಲಿಸಬೇಕಾಯಿತು. ಅದೇ ವರ್ಷ ಹ್ಯಾನನ್‌ರವರೂ ತೀರಿಕೊಂಡರು. 1893ರ ಹೊತ್ತಿಗೆ ತಂಡ ಮತ್ತೆ ಎದ್ದು ನಿಂತು ಇಂದಿಗೂ ಆಡುತ್ತಿದೆಯೆಂಬುದು ಸಮಾಧಾನದ ಮಾತು. ಒಂದು ಧರ್ಮಕೇಂದ್ರದ ಮಕ್ಕಳಿಗೆ ಅನ್ನ ನೀಡಲು ಹೊರಟವರು ಇನ್ನೊಂದು ಧರ್ಮಕೇಂದ್ರದ ಯುವಕರ ಅಂಗಳವನ್ನು ಬರಿದು ಮಾಡಿದರು. ಯಾರೂ ಕೆಟ್ಟದ್ದನ್ನು ಬಯಸಿರಲಿಲ್ಲ. ತಂಡ ಗೆದ್ದರೆ ಜನ ಬರುತ್ತಾರೆ. ಜನ ಬಂದರೆ ಹಣ ಬರುತ್ತದೆ. ಹಣ ಬಂದರೆ ಮಕ್ಕಳು ಉಣ್ಣುತ್ತಾರೆ. ತರ್ಕ ಸರಿಯಾಗಿಯೇ ಇತ್ತು.

ಆ ತರ್ಕ ಎಲ್ಲಿಗೆ ಕರೆದೊಯ್ಯಿತೆಂಬುದನ್ನೂ ಕೇಳಿ. ಮೈದಾನಕ್ಕೆ ಜನ ಕಿಕ್ಕಿರಿಯುವುದನ್ನು ಕಂಡ ಜಮೀನಿನ ಒಡೆಯ ಬಾಡಿಗೆಯನ್ನು 50 ಪೌಂಡಿನಿಂದ 450 ಪೌಂಡಿಗೆ ಏರಿಸಿದ. 1892ರಲ್ಲಿ ತಂಡ ಸಮೀಪದಲ್ಲಿಯೇ ಹೊಸ ಮೈದಾನಕ್ಕೆ ಹೋಯಿತು. ಅದೇ ವರ್ಷ ಮೊದಲ ಬಾರಿ ಸ್ಕಾಟಿಷ್ ಕಪ್ಪನ್ನು ಗೆದ್ದಿತು. ಆ ಸುಮಾರಿಗೆ ಬ್ರದರ್ ವಾಲ್‌ಫ್ರಿಡ್‌ರವರನ್ನು ಅವರ ಮಠದ ಹಿರಿಯರು ಲಂಡನ್ನಿಗೆ ವರ್ಗಮಾಡಿದರು. 1893ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಸಂಬಳದ ಆಟಕ್ಕೆ ಅನುಮತಿ ಬಂದಿತು. 1897ರಲ್ಲಿ ಸೆಲ್ಟಿಕ್ ತಂಡ ಷೇರುದಾರರ ಕಂಪನಿಯಾಯಿತು. ಷೇರುದಾರರಿಗೆ ಲಾಭಾಂಶ ಬಂದಿತು. ಊಟದ ಮೇಜಿಗೆ ವರ್ಷ ವರ್ಷವೂ ಹೋಗುತ್ತಿದ್ದ ಪಾಲು ನಿಂತುಹೋಯಿತು. ಯಾವ ಒಂದು ದಿನವೂ ಯಾರೊಬ್ಬರೂ ಎದ್ದು ನಿಂತು, ಇನ್ನು ಮಕ್ಕಳಿಗೆ ಊಟ ಬೇಡ ಎಂದು ಹೇಳಿರಲಾರರು. ಬಾಡಿಗೆ, ಬೇಲಿ, ಮೆಟ್ಟಿಲು, ಆಟಗಾರರ ಖರ್ಚು ಎಂದು ಒಂದೊಂದಾಗಿ ಬಂದು ಮೇಜಿನ ಸುತ್ತ ಕುಳಿತವು. ಕೊನೆಗೆ ಮಕ್ಕಳಿಗೆ ಕೂರಲು ಸ್ಥಳವಿರಲಿಲ್ಲ.

ನ್ಯಾಯಕ್ಕಾಗಿ ಇದನ್ನೂ ಹೇಳಬೇಕು. ಆ ತಂಡ ತನ್ನ ಮೂಲವನ್ನು ಪೂರ್ತಿಯಾಗಿ ಮರೆಯಲಿಲ್ಲ. 1967ರ ಮೇ 25ರಂದು ಲಿಸ್ಬನ್ ನಗರದಲ್ಲಿ ಇಟಲಿಯ ಇಂಟರ್ ತಂಡವನ್ನು 2–1ರಿಂದ ಸೋಲಿಸಿ ಯುರೋಪಿನ ಕಪ್ಪನ್ನು ಗೆದ್ದಾಗ, ಆಡಿದ ಹನ್ನೊಂದು ಮಂದಿಯೂ ಗ್ಲಾಸ್ಗೋದ ಸುಮಾರು ಮೂವತ್ತು ಮೈಲುಗಳ ಒಳಗೆ ಹುಟ್ಟಿದವರು. ತಮ್ಮ ಊರಿನ ಹುಡುಗರಿಂದಲೇ ಅಷ್ಟು ದೊಡ್ಡ ಗೆಲುವು ಸಾಧ್ಯವಾಯಿತು. 1889ರಲ್ಲಿ ಹಿಮದ ನಡುವೆ ಅವರನ್ನು ಸೋಲಿಸಿದ್ದ ಥರ್ಡ್ ಲ್ಯಾನಾರ್ಕ್ ತಂಡ ಅದೇ 1967ರಲ್ಲಿ ಸಾಲದ ಹೊರೆಯಿಂದ ಮುಚ್ಚಿಹೋಯಿತು. ಕಪ್ಪು ಗೆದ್ದ ತಂಡಗಳೆಲ್ಲ ಉಳಿಯುವುದಿಲ್ಲ. ಸೆಲ್ಟಿಕ್ 1995ರಲ್ಲಿ ದಾನಧರ್ಮಕ್ಕಾಗಿ ಪ್ರತ್ಯೇಕ ನಿಧಿಯನ್ನು ಸ್ಥಾಪಿಸಿತು. 2005ರಲ್ಲಿ ಮೈದಾನದ ಮುಂದೆ ಬ್ರದರ್ ವಾಲ್‌ಫ್ರಿಡ್‌ರವರ ಪ್ರತಿಮೆ ನಿಂತಿತು. ಅವರು 1915ರಲ್ಲಿಯೇ ತೀರಿಕೊಂಡಿದ್ದರು. ಲಂಡನ್ನಿಗೆ ಹೋದ ಮೇಲೂ ಅಲ್ಲಿನ ಬಡ ಮಕ್ಕಳಿಗೆ ಚೆಂಡಾಟ ಏರ್ಪಡಿಸುತ್ತಿದ್ದರಂತೆ. ತಾವು ಹುಟ್ಟಿಸಿದ ತಂಡ ಕೈಬಿಟ್ಟು ಹೋದರೂ ತಮ್ಮ ಕೆಲಸವನ್ನು ಅವರು ಬಿಡಲಿಲ್ಲ.

ಮಿತ್ರರೇ, ಇಷ್ಟು ದೂರದ ಕಥೆಯನ್ನು ಏಕೆ ಹೇಳಿದೆನೆಂದರೆ, ಹತ್ತಿರದ ಕಥೆಯನ್ನು ಹೇಳಲು ನನಗೆ ಧೈರ್ಯ ಬೇಕಾಗಿತ್ತು.

ಇಪ್ಪತ್ತೈದು ವರ್ಷಗಳ ಹಿಂದೆ ನಾನೇ ಈ ತಂಡದ ನಾಯಕನಾಗಿದ್ದೆ. ಪಾಲಕ ಸಂತರ ಹಬ್ಬದ ಪಂದ್ಯಾವಳಿಯಲ್ಲಿ ನಾವು ಅಂತಿಮ ಪಂದ್ಯಕ್ಕೆ ಬಂದೆವು. ಗೆಲ್ಲಲೇಬೇಕೆಂಬ ಹಟ ನನ್ನನ್ನು ಹಿಡಿಯಿತು. ಪಕ್ಕದ ಪೇಟೆಯಿಂದ ಇಬ್ಬರು ಆಟಗಾರರನ್ನು ಬಸ್ಸಿನ ಖರ್ಚು, ಊಟ, ಕೈಗೆ ಒಂದಿಷ್ಟು ಹಣ ಕೊಟ್ಟು ಕರೆತಂದೆ. ಅವರಲ್ಲಿ ಒಬ್ಬ ಗೋಲು ಕಾಯುವವನು. ಇಡೀ ಹಂಗಾಮು ನಮಗಾಗಿ ಗೋಲು ಕಾದಿದ್ದ ನಮ್ಮ ಹುಡುಗನಿಗೆ ಪಂದ್ಯದ ಬೆಳಗ್ಗೆ, ಬಲಿಪೂಜೆ ಮುಗಿಸಿ ಬರುವಾಗ, ದೇವಾಲಯದ ಮೆಟ್ಟಿಲ ಮೇಲೆ ನಿಂತು ವಿಷಯ ತಿಳಿಸಿದೆ. ಆತ ಒಂದು ಮಾತನ್ನೂ ಆಡಲಿಲ್ಲ. ಮಧ್ಯಾಹ್ನ ಆತನೇ ಒಗೆದು ಮಡಿಸಿದ್ದ ಅಂಗಿಯನ್ನು ತಂದು ಹೊಸಬನ ಕೈಗೆ ಕೊಟ್ಟ. ಪಂದ್ಯ ನಡೆಯುವಷ್ಟು ಹೊತ್ತೂ ಗೋಲಿನ ಹಿಂದೆ ನಿಂತು, ಹೊರಗೆ ಹೋದ ಚೆಂಡನ್ನು ಹೆಕ್ಕಿ ಕೊಡುತ್ತಿದ್ದ.

ನಾವು ಗೆದ್ದೆವು. ಆ ಕಪ್ಪು ಗುರುಗಳ ಮನೆಯ ಬೀರುವಿನಲ್ಲಿ ಇಂದಿಗೂ ಇದೆ. ಹುಡುಗ ಮತ್ತೆಂದೂ ಮೈದಾನಕ್ಕೆ ಬರಲಿಲ್ಲ. ಈಗ ಆತನೂ ನನ್ನಂತೆ ನರೆತಿದ್ದಾನೆ. ಭಾನುವಾರ ಪೂಜೆಗೆ ಬರುತ್ತಾನೆ, ನಕ್ಕು ಮಾತನಾಡಿಸುತ್ತಾನೆ. ಚೆಂಡಾಟದ ಮಾತು ಬಂದರೆ ಮಾತ್ರ ಮೆಲ್ಲನೆ ಬೇರೆ ವಿಷಯ ತೆಗೆಯುತ್ತಾನೆ. ಆ ಪೇಟೆಯ ಇಬ್ಬರ ಹೆಸರು ನನಗೆ ಮರೆತುಹೋಗಿದೆ. ಈತನ ಆ ದಿನದ ಮುಖ ಮಾತ್ರ ಮರೆತಿಲ್ಲ. ಕ್ಷಮೆ ಕೇಳಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು. ಕಳೆದ ತಿಂಗಳು ಆತನ ಮನೆಗೆ ಹೋಗಿ ಕೇಳಿದೆ. ಈ ವಿಷಯವನ್ನು ಸಭೆಯಲ್ಲಿ ಹೇಳಲು ಆತನೇ ಒಪ್ಪಿಗೆ ಕೊಟ್ಟಿದ್ದಾನೆ. ಹೆಸರು ಮಾತ್ರ ಹೇಳಬೇಡಿರೆಂದ.

ಎರಡನೆಯದಾಗಿ, ಈ ವರ್ಷದ ಹಣದ ಲೆಕ್ಕ. ನಮ್ಮ ತಂಡದ ಹಳೆಯ ದಫ್ತರದ ಮೊದಲನೆಯ ಪುಟದಲ್ಲಿ ಹಿರಿಯರು ಒಂದು ನಿಯಮವನ್ನು ಬರೆದಿಟ್ಟಿದ್ದಾರೆ. ಪಂದ್ಯಾವಳಿಯಿಂದ ಬಂದ ಹಣದಲ್ಲಿ ಅರ್ಧ ಭಾಗ ನಮ್ಮ ಶಾಲೆಯ ಬಡ ಮಕ್ಕಳ ಪುಸ್ತಕಕ್ಕೂ ಪರೀಕ್ಷೆಯ ಶುಲ್ಕಕ್ಕೂ ಸಲ್ಲಬೇಕು. ಮಗು ಯಾವ ಜಾತಿ, ಯಾವ ಧರ್ಮವೆಂದು ಕೇಳಬಾರದು. ಈ ವರ್ಷ ಆ ಬಾಬಿಗೆ ನಾವು ಕೊಟ್ಟದ್ದು ಸೊನ್ನೆ. ಹಣವನ್ನು ಯಾರೂ ದುರುಪಯೋಗ ಮಾಡಿಲ್ಲ. ಹೊಸ ಚೆಂಡು, ಹೊಸ ಅಂಗಿ, ಬಸ್ಸಿನ ಬಾಡಿಗೆ, ಧ್ವನಿವರ್ಧಕ, ಶಾಮಿಯಾನ, ಬಹುಮಾನದ ಕಪ್ಪು, ಅತಿಥಿಗಳ ಹಾರ. ಎಲ್ಲ ರಸೀದಿಗಳೂ ಇವೆ. ಎಲ್ಲಕ್ಕೂ ನನ್ನ ಸಹಿಯೇ ಇದೆ. ಒಂದೊಂದು ಖರ್ಚೂ ನ್ಯಾಯವಾದದ್ದೇ. ಎಲ್ಲವನ್ನೂ ಕೂಡಿಸಿದಾಗ ಮಕ್ಕಳ ಪಾಲು ಉಳಿದಿರಲಿಲ್ಲ. ಗ್ಲಾಸ್ಗೋದಲ್ಲಿ ಹತ್ತು ವರ್ಷ ಹಿಡಿದ ಕೆಲಸವನ್ನು ನಾವು ಒಂದೇ ವರ್ಷದಲ್ಲಿ ಮಾಡಿ ಮುಗಿಸಿದ್ದೇವೆ. ಇದರ ಹೊಣೆ ಖಜಾಂಚಿಯಾದ ನನ್ನದು.

ಆದುದರಿಂದ ಸಭೆಯ ಮುಂದೆ ಮೂರು ಬಿನ್ನಹಗಳನ್ನು ಇಡುತ್ತೇನೆ. ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು.

ಮೊದಲನೆಯದು, ಬರುವ ಪಂದ್ಯಾವಳಿಯಲ್ಲಿ ವಸೂಲಾದ ಹಣದಿಂದ ಮಕ್ಕಳ ಪಾಲನ್ನು ಆಯಾ ದಿನ ಸಂಜೆಯೇ ತೆಗೆದು ಗುರುಗಳ ಕೈಗೆ ಒಪ್ಪಿಸೋಣ. ಮಿಕ್ಕದ್ದರಲ್ಲಿ ಶಾಮಿಯಾನ ಬಂದರೆ ಬರಲಿ, ಬಾರದಿದ್ದರೆ ಮರದ ನೆರಳಿದೆ.

ಎರಡನೆಯದು, ಹೊರಗಿನ ಆಟಗಾರರ ಮಾತು. ಬಾಗಿಲು ಮುಚ್ಚಬೇಕೆಂದು ನಾನು ಹೇಳುವುದಿಲ್ಲ. ಹೈಬರ್ನಿಯನ್ ತಂಡ ಆರಂಭದಲ್ಲಿ ಕಥೋಲಿಕ ಯುವಕ ಸಂಘದ ಸದಸ್ಯರಿಗೆ ಮಾತ್ರ ಸ್ಥಾನವೆಂದು ನಿಯಮ ಮಾಡಿತ್ತು. ಸೆಲ್ಟಿಕ್ ಅಂಥ ನಿಯಮವನ್ನು ಇಟ್ಟುಕೊಳ್ಳಲಿಲ್ಲ, ಅದು ಒಳ್ಳೆಯದೇ ಆಯಿತು. ನಮ್ಮ ತಂಡದಲ್ಲಿಯೂ ಬೇರೆ ಧರ್ಮದ ಹುಡುಗರು ಮೊದಲಿನಿಂದ ಆಡುತ್ತಿದ್ದಾರೆ, ಆಡಲಿ. ಊರು ಯಾವುದೇ ಇರಲಿ, ನಮ್ಮೊಡನೆ ದಿನವೂ ಸಂಜೆ ಅಭ್ಯಾಸಕ್ಕೆ ಬಂದು, ನಮ್ಮೊಡನೆ ಸೋತು, ನಮ್ಮೊಡನೆ ಗೆಲ್ಲುವವನು ನಮ್ಮವನೇ. ಅಂತಿಮ ಪಂದ್ಯದ ಬೆಳಗ್ಗೆ ಬಸ್ಸಿನಿಂದ ಇಳಿದು, ಸಂಜೆ ಹಣ ಎಣಿಸಿ ಬಸ್ಸು ಹತ್ತುವವನು ಬೇಡ.

ಮೂರನೆಯದು, ಹಂಗಾಮಿನಲ್ಲಿ ಅಭ್ಯಾಸಕ್ಕೆ ತಪ್ಪದೆ ಬಂದ ಪ್ರತಿಯೊಬ್ಬ ಹುಡುಗನೂ ಸಮಾರೋಪದ ಪಂದ್ಯಾವಳಿಯಲ್ಲಿ ಒಮ್ಮೆಯಾದರೂ ಮೈದಾನಕ್ಕೆ ಇಳಿಯಬೇಕು. ಅದರಿಂದ ನಾವು ಸೋಲಬಹುದು. ಸೋತರೆ, ನೂರನೆಯ ವರ್ಷದ ಕಪ್ಪು ಬೇರೆಯವರ ಬೀರುವಿಗೆ ಹೋದೀತು. ಆ ಬೀರುವಿನಲ್ಲಿ ಅದಕ್ಕೂ ಧೂಳು ಹಿಡಿದೀತು.

ಕೊನೆಯದಾಗಿ ಒಂದು ಮಾತು. ಸೆಲ್ಟಿಕ್ ತಂಡಕ್ಕೂ ನಮ್ಮ ದೇಶಕ್ಕೂ ಒಂದು ಸಣ್ಣ ನಂಟಿದೆ. 1936ರಲ್ಲಿ ಕಲಕತ್ತೆಯ ಮೊಹಮ್ಮದ್ ಸಲೀಂ ಎಂಬ ಆಟಗಾರ ಗ್ಲಾಸ್ಗೋಗೆ ಹೋಗಿ ಆ ತಂಡದ ಪರವಾಗಿ ಎರಡು ಪಂದ್ಯಗಳನ್ನು ಆಡಿದರು. ಅವರಿಗೆ ಬೂಟು ಹಾಕಿ ಆಡುವ ರೂಢಿಯಿರಲಿಲ್ಲ. ಪಾದಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬರಿಗಾಲಿನಲ್ಲಿ ಆಡಿ ಅಲ್ಲಿನ ಜನರನ್ನು ಬೆರಗುಗೊಳಿಸಿದರು. ಊರಿನ ಹಂಬಲ ತಡೆಯಲಾರದೆ ಹಿಂದಿರುಗಲು ನಿಶ್ಚಯಿಸಿದಾಗ, ಅವರ ಗೌರವಾರ್ಥ ಪಂದ್ಯ ಏರ್ಪಡಿಸಿ, ಬಂದ ಹಣದಲ್ಲಿ ಅವರಿಗೊಂದು ಪಾಲು ಕೊಡಬೇಕೆಂದು ತಂಡದವರು ಬಯಸಿದರಂತೆ. ಆ ಪಾಲನ್ನು ಅನಾಥ ಮಕ್ಕಳಿಗೆ ಕೊಟ್ಟುಬಿಡಿರೆಂದು ಸಲೀಂ ಹೇಳಿದರೆಂದು ಅವರ ಮಗ ಮುಂದೆ ನೆನಪಿಸಿಕೊಂಡಿದ್ದಾರೆ. ಹಸಿದ ಮಕ್ಕಳಿಗಾಗಿ ಹುಟ್ಟಿದ ತಂಡಕ್ಕೆ ಅದರ ಹುಟ್ಟಿನ ಕಾರಣವನ್ನು ನೆನಪಿಸಿದವರು ಸಮುದ್ರ ದಾಟಿ ಬಂದ ಬರಿಗಾಲಿನ ಒಬ್ಬ ಮುಸಲ್ಮಾನ ಆಟಗಾರ. ದೇವರು ಯಾರ ಬಾಯಿಂದ ಯಾರಿಗೆ ಬುದ್ಧಿ ಹೇಳಿಸುತ್ತಾನೋ ಬಲ್ಲವರಾರು!

ನಮ್ಮ ತಂಡದಲ್ಲಿಯೂ ಬರಿಗಾಲಿನಲ್ಲಿ ಆಡುವ ಹುಡುಗರಿದ್ದಾರೆ. ನೂರು ವರ್ಷದ ಹಿಂದೆ ಈ ದೇವಾಲಯದ ಅಡಿಗಲ್ಲಿಗೆ ಮಣ್ಣು ಹೊತ್ತವರೂ ಬರಿಗಾಲಿನವರೇ. ಅವರು ಕಟ್ಟಿದ ಮನೆಯಲ್ಲಿ ನಾವು ಲೆಕ್ಕ ಒಪ್ಪಿಸುತ್ತಿದ್ದೇವೆ. ಮುಂದಿನ ವರ್ಷ ಈ ದಫ್ತರದಲ್ಲಿ ಮಕ್ಕಳ ಬಾಬಿನ ಎದುರಿಗೆ ಸೊನ್ನೆ ಇರದಂತೆಯೂ, ಯಾವ ಹುಡುಗನೂ ತನ್ನ ಅಂಗಿಯನ್ನು ಮಡಿಸಿ ಹಿಂದಿರುಗಿಸದಂತೆಯೂ ನೋಡಿಕೊಳ್ಳುವ ಮನಸ್ಸನ್ನು ದೇವರು ನಮಗೆಲ್ಲರಿಗೂ ಕೊಡಲಿ ಎಂದು ಪ್ರಾರ್ಥಿಸುತ್ತೇನೆ.

 ಲೆಕ್ಕಪತ್ರ ಈ ಮೇಜಿನ ಮೇಲಿದೆ. ಯಾರು ಬೇಕಾದರೂ ಬಂದು ನೋಡಬಹುದು.